ನಿರುಕ್ತಿಯೂ ಸಾಕ್ಷ್ಯವೇ: ಜಪಾನಿ ಭಾಷೆಯ 'ತಕೊ' ಪದಕುಟುಂಬದ ಚಾರಿತ್ರಿಕ ಅವಲೋಕನ

ಸಾರಾಂಶ

ಜಪಾನಿ ಭಾಷೆಯಲ್ಲಿ ಅಷ್ಟಪದಿಗೆ ಇರುವ ಹೆಸರು 'ತಕೊ'. ಈ ಪದವನ್ನೂ ಇದರಿಂದ ಹುಟ್ಟಿದ ಸಮಾಸಗಳನ್ನೂ ನುಡಿಗಟ್ಟುಗಳನ್ನೂ ಎಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಈ ಪದಕುಟುಂಬದ ಸುತ್ತ ಜನನಿರುಕ್ತಿಗಳು ಹೇರಳವಾಗಿ ಬೆಳೆದಿವೆ. ಅವುಗಳನ್ನು ಸರಿ ಅಥವಾ ತಪ್ಪು ಎಂದು ವಿಂಗಡಿಸಿ ಕೈಬಿಡುವುದರ ಬದಲು, ಪದದ ಅರ್ಥಚರಿತ್ರೆಯಲ್ಲಿ ಕಾಲಸೂಚಿ ಇರುವ ಸಾಕ್ಷ್ಯಗಳೆಂದು ಪರಿಗಣಿಸಬೇಕೆಂಬುದು ಲೇಖನದ ವಾದ. 'ತಕೊಬೆಯ' ಎಂಬ ಪದದ ಚರಿತ್ರೆ ಈ ವಾದದ ಮುಖ್ಯ ಆಧಾರ.

ಪ್ರಮುಖ ಪದಗಳು: ಜನನಿರುಕ್ತಿ, ಅರ್ಥವ್ಯತ್ಯಾಸ, ಸಮಧ್ವನಿ ಪದಗಳು, ಜಪಾನಿ ಶಬ್ದಕೋಶ, ರೂಪಕ

1. ಪ್ರಸ್ತಾವನೆ

ಗ್ರೀಕ್ ಮೂಲದ 'ಆಕ್ಟೋಪಸ್' ಎಂಬ ಹೆಸರೂ ನಮ್ಮ ಬರವಣಿಗೆಯ ಕನ್ನಡದಲ್ಲಿ ಬಳಕೆಯಾಗುವ 'ಅಷ್ಟಪದಿ' ಎಂಬ ಹೆಸರೂ ಪ್ರಾಣಿಯ ಕಾಲುಗಳನ್ನು ಎಣಿಸಿ ಇಟ್ಟವು. ಅವುಗಳ ರಚನೆ ಪಾರದರ್ಶಕವಾದುದು. ಪದವನ್ನು ಬಿಡಿಸಿದರೆ ಅರ್ಥ ತಾನಾಗಿಯೇ ದೊರೆಯುತ್ತದೆ. ಜಪಾನಿಯ 'ತಕೊ' ಹಾಗಲ್ಲ. ಎರಡು ಮಾತ್ರೆಗಳ ಈ ಪುಟ್ಟ ಪದದಲ್ಲಿ ಎಂಟು ಎಂಬ ಸಂಖ್ಯೆಯೂ ಇಲ್ಲ, ಕಾಲು ಎಂಬ ಪದವೂ ಇಲ್ಲ. ಇಂದಿನ ಜಪಾನಿ ಭಾಷಿಕನಿಗೆ ಅದು ಒಡೆಯಲಾಗದ ಪದ.

ಅಪಾರದರ್ಶಕ ಪದಗಳ ಸುತ್ತ ಕಥೆಗಳು ಹುಟ್ಟುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರುವ ವಿದ್ಯಮಾನ. 'ತಕೊ' ವಿಷಯದಲ್ಲಿ ಗಮನಾರ್ಹವಾದುದೆಂದರೆ, ಅಂತಹ ಕಥೆಗಳ ದಾಖಲೆ ಸುಮಾರು ಹನ್ನೆರಡೂವರೆ ಶತಮಾನಗಳಷ್ಟು ಉದ್ದಕ್ಕೆ ಚಾಚಿಕೊಂಡಿದೆ. ದ್ವೀಪದ ಹೆಸರು, ದೇವಾಲಯದ ಹೆಸರು, ಗಾಳಿಪಟದ ಹೆಸರು, ಬೈಗುಳ, ಕೂಲಿಗಳ ಬಿಡಾರದ ಹೆಸರು ಇವೆಲ್ಲವನ್ನೂ ಜನರು ಒಂದಲ್ಲ ಒಂದು ಕಾಲದಲ್ಲಿ ಅಷ್ಟಪದಿಯ ಮೂಲಕ ವಿವರಿಸಿದ್ದಾರೆ. ಇಂತಹ ವಿವರಣೆಗಳನ್ನು ತೂಗಲು ಮೂರು ಮಾನದಂಡಗಳನ್ನು ಇಲ್ಲಿ ಬಳಸಲಾಗಿದೆ: ಧ್ವನಿನಿಯಮಗಳಿಗೆ ಹೊಂದಿಕೆ, ಸಮಾಂತರ ರಚನೆಗಳ ಲಭ್ಯತೆ ಮತ್ತು ಕಾಲ ನಿಶ್ಚಿತವಾದ ಪ್ರಯೋಗಗಳ ಆಧಾರ.

2. ಆರಂಭಿಕ ದಾಖಲೆಗಳು ಮತ್ತು ಲಿಪಿ

733ರಲ್ಲಿ ಸಿದ್ಧವಾದ 'ಇಜುಮೊ ನೊ ಕುನಿ ಫುದೊಕಿ' ಎಂಬ ಪ್ರಾಂತ ವಿವರಣ ಗ್ರಂಥದಲ್ಲಿ ಒಂದು ದ್ವೀಪದ ಹೆಸರಿನ ವೃತ್ತಾಂತವಿದೆ. ಕಿತ್ಸುಕಿ ಭೂಶಿರದಲ್ಲಿದ್ದ ಅಷ್ಟಪದಿಯೊಂದನ್ನು ಹದ್ದು ಎತ್ತಿಕೊಂಡು ಹಾರಿಬಂದು ಈ ದ್ವೀಪದಲ್ಲಿ ಇಳಿಯಿತು. ಆದ್ದರಿಂದ ಇದು 'ತಕೊ' ದ್ವೀಪವೆಂದು ಹಿರಿಯರು ಹೇಳುತ್ತಾರೆ. ಈಗಿನ ಜನರು ಮಾತ್ರ ತಪ್ಪಾಗಿ 'ತಕು' ದ್ವೀಪವೆನ್ನುತ್ತಾರೆ ಎಂಬುದು ಅದರ ತಾತ್ಪರ್ಯ. ನಕಉಮಿ ಸರೋವರದಲ್ಲಿರುವ ಇಂದಿನ ದೈಕೊನ್‌ಶಿಮವೇ ಈ ದ್ವೀಪವೆಂದು ಗುರುತಿಸಲಾಗಿದೆ. 'ತಕು' ಎಂಬುದು ಮರದ ತೊಗಟೆಯ ನಾರಿಗೆ ಸಂಬಂಧಿಸಿದ ಬೇರೆಯೇ ಪದ. ಜನರ ಬಾಯಲ್ಲಿ ರೂಢಿಯಲ್ಲಿದ್ದ ಹೆಸರನ್ನು ಅಪಭ್ರಂಶವೆಂದೂ ಕಥೆಗೆ ಹೊಂದುವ ಹೆಸರನ್ನು ಮೂಲವೆಂದೂ ಹೇಳುವ ಈ ಕ್ರಮ ಜನನಿರುಕ್ತಿಯ ಸಾಮಾನ್ಯ ಲಕ್ಷಣ. ಪದದ ಅತಿ ಹಳೆಯ ದಾಖಲೆಗಳಲ್ಲಿ ಒಂದಾದ ಇದು ಸ್ವತಃ ಒಂದು ನಿರುಕ್ತಿಯ ಯತ್ನವಾಗಿದೆ ಎಂಬುದನ್ನು ನೆನಪಿನಲ್ಲಿಡಬೇಕು.

ಹತ್ತನೆಯ ಶತಮಾನದಲ್ಲಿ ದಾಖಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಫುಕನೆ ನೊ ಸುಕೆಹಿತೊ ಸುಮಾರು 918ರಲ್ಲಿ ರಚಿಸಿದ ಔಷಧಿ ನಿಘಂಟು 'ಹೊನ್ಜೋ ವಮ್ಯೋ'ದಲ್ಲಿಯೂ, ಮಿನಮೊತೊ ನೊ ಶಿತಗೋ 930ರ ದಶಕದಲ್ಲಿ ಸಂಕಲಿಸಿದ 'ವಮ್ಯೋ ರುಯ್ಜುಶೋ' ನಿಘಂಟಿನಲ್ಲಿಯೂ ಚೀನೀ ಪದಕ್ಕೆ ಜಪಾನಿ ಹೆಸರಾಗಿ 'ತಕೊ' ಎಂಬುದನ್ನು ಧ್ವನಿಸೂಚಕ ಅಕ್ಷರಗಳಲ್ಲಿ ಕೊಡಲಾಗಿದೆ. 927ರಲ್ಲಿ ಪೂರ್ಣಗೊಂಡ 'ಎಂಗಿಶಿಕಿ' ಎಂಬ ಆಡಳಿತ ಸಂಹಿತೆಯು ಪ್ರಾಂತಗಳಿಂದ ಆಸ್ಥಾನಕ್ಕೆ ಸಲ್ಲಬೇಕಾದ ಸಮುದ್ರೋತ್ಪನ್ನಗಳಲ್ಲಿ ಒಣಗಿಸಿದ ಅಷ್ಟಪದಿಯನ್ನೂ ಸೇರಿಸಿದೆ.

ಈ ನಿಘಂಟುಗಳಲ್ಲಿ ಬರುವ ಚೀನೀ ಪದಸಂಕೇತದ ಚರಿತ್ರೆ ವಿಶಿಷ್ಟವಾದುದು. ಇಂದು ಜಪಾನಿನಲ್ಲಿ 'ತಕೊ' ಎಂದು ಓದುವ ಅಕ್ಷರದ ಎಡಭಾಗ ಹುಳುವನ್ನು ಸೂಚಿಸುತ್ತದೆ, ಬಲಭಾಗ ಉಚ್ಚಾರಣೆಯನ್ನು. ಚೀನಾದಲ್ಲಿ ಅದು ಬಳಕೆಯಾಗುತ್ತಿದ್ದುದು ಉದ್ದಕಾಲಿನ ಜೇಡದ ಹೆಸರಿನಲ್ಲಿ ಹಾಗೂ ಸೂರ್ಯನ ಕುದುರೆ ಎಂಬ ಕೀಟದ ಮೊಟ್ಟೆಗೂಡಿನ ಹೆಸರಿನಲ್ಲಿ. ನಿಘಂಟುಕಾರರು ಅಷ್ಟಪದಿಗೆ ಕೊಟ್ಟ ರೂಪದಲ್ಲಿ ಈ ಅಕ್ಷರದ ಮುಂದೆ 'ಸಮುದ್ರ' ಎಂಬ ಅಕ್ಷರವಿದೆ. ಅಂದರೆ ಅದು 'ಸಮುದ್ರದ ಜೇಡ'. ಕಾಲಕ್ರಮದಲ್ಲಿ 'ಸಮುದ್ರ' ಕಳಚಿಹೋಗಿ ಜೇಡದ ಅಕ್ಷರವೊಂದೇ ಅಷ್ಟಪದಿಯ ಸಂಕೇತವಾಗಿ ಉಳಿಯಿತು. ಹುಳುವಿನ ಭಾಗಕ್ಕೆ ಬದಲಾಗಿ ಮೀನಿನ ಭಾಗವನ್ನು ಸೇರಿಸಿ ಬರೆಯುವ ಪರ್ಯಾಯವೂ ಬೆಳೆಯಿತು. ಸಂಸ್ಕೃತದಲ್ಲಿ 'ಅಷ್ಟಪಾದ' ಎಂಬುದಕ್ಕೆ ಜೇಡವೆಂಬ ಅರ್ಥವಿದ್ದು, ಕನ್ನಡದಲ್ಲಿ ಅದೇ ಬಗೆಯ ರಚನೆ ಕಡಲಜೀವಿಗೆ ಸಂದಿರುವುದನ್ನು ಇದರೊಡನೆ ಹೋಲಿಸಬಹುದು. ಪರಸ್ಪರ ಸಂಬಂಧವಿಲ್ಲದ ಎರಡು ಪರಂಪರೆಗಳು ಜೇಡ ಮತ್ತು ಅಷ್ಟಪದಿಗಳನ್ನು ಒಂದೇ ಸಾದೃಶ್ಯದಿಂದ ಜೋಡಿಸಿವೆ. ಆದರೆ ಜಪಾನಿಯಲ್ಲಿ ಈ ಸಾದೃಶ್ಯವಿರುವುದು ಲಿಪಿಯಲ್ಲಿ ಮಾತ್ರ, ಮಾತಿನಲ್ಲಿಲ್ಲ. ಲಿಪಿಯ ಚರಿತ್ರೆಯಿಂದ ಪದದ ನಿಷ್ಪತ್ತಿಯನ್ನು ಊಹಿಸಲಾಗದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

3. ನಿಷ್ಪತ್ತಿಯ ವಾದಗಳು

'ತಕೊ' ಪದಕ್ಕೆ ಸೂಚಿತವಾಗಿರುವ ಮೂಲಗಳಲ್ಲಿ ಎರಡು ಹೆಚ್ಚು ಪ್ರಚಲಿತ. ಮೊದಲನೆಯದು 'ಕೈ' ಎಂಬರ್ಥದ 'ತೆ' ಮತ್ತು 'ಗಂಟು, ಉಬ್ಬು' ಎಂಬರ್ಥದ 'ಕೊಬು' ಸೇರಿ ಆದದ್ದೆಂಬ ವಾದ; ಹೀರುಬಟ್ಟಲುಗಳಿರುವ ಕೈಗಳ ವರ್ಣನೆ ಇದರಲ್ಲಿದೆ. ಎರಡನೆಯದು 'ಬಹು' ಎಂಬರ್ಥದ 'ತ' ಮತ್ತು 'ತೊಡೆ, ಕವಲು' ಎಂಬರ್ಥದ 'ಕೊ' ಸೇರಿ ಆದದ್ದೆಂಬ ವಾದ.

ಎರಡನೆಯ ವಾದ ನಿಲ್ಲುವುದು ಕಷ್ಟ. ಅದರ ಎರಡೂ ಘಟಕಗಳು ಚೀನೀ ಮೂಲದ ಉಚ್ಚಾರಣೆಗಳು. ಹಾಗಿದ್ದಲ್ಲಿ 'ತಕೊ' ಎರವಲು ಸಮಾಸವಾಗಬೇಕು. ಆದರೆ ಹತ್ತನೆಯ ಶತಮಾನದ ನಿಘಂಟುಗಳು ಅದನ್ನು ಚೀನೀ ಪದಕ್ಕೆ ಎದುರಾಗಿ ನಿಂತ ದೇಶ್ಯ ಹೆಸರೆಂದೇ ದಾಖಲಿಸಿವೆ.

ಮೊದಲನೆಯ ವಾದದ ಪೂರ್ವಾರ್ಧಕ್ಕೆ ಧ್ವನಿಶಾಸ್ತ್ರದ ಬೆಂಬಲವಿದೆ. ಸಮಾಸದ ಪೂರ್ವಪದವಾಗಿ ಬಂದಾಗ 'ತೆ' ಎಂಬುದು 'ತ' ಆಗುವುದು ಹಳೆಯ ಜಪಾನಿಯ ನಿಯತ ಪರ್ಯಾಯ: ತಜುನ (ಲಗಾಮು, ಕೈಹಗ್ಗ), ತಮೊತೊ (ಅಂಗಿಯ ತೋಳು), ತನಗೊಕೊರೊ (ಅಂಗೈ). 'ಕಣ್ಣು' ಎಂಬರ್ಥದ 'ಮೆ' ಕೂಡ ಮಬುತ (ರೆಪ್ಪೆ) ಎಂಬಲ್ಲಿ 'ಮ' ಆಗುತ್ತದೆ. ಆದುದರಿಂದ 'ತಕೊ'ದ 'ತ' ಕೈಯಾಗಿರುವುದು ಸಾಧ್ಯ. ಉತ್ತರಾರ್ಧದಲ್ಲಿ ಮಾತ್ರ ತೊಡಕಿದೆ: 'ಕೊಬು' ಪದದ ಎರಡನೆಯ ಅಕ್ಷರ ಲೋಪವಾಗಲು ಯಾವ ನಿಯಮವೂ ಕಾಣದು, ಸಮಾಂತರ ಉದಾಹರಣೆಯನ್ನೂ ಈ ವಾದದವರು ಒದಗಿಸುವುದಿಲ್ಲ. ಅರ್ಧ ಮಾತ್ರ ನಿಯಮಬದ್ಧವಾದ ನಿಷ್ಪತ್ತಿಯನ್ನು ಸಿದ್ಧವೆಂದು ಎಣಿಸಲಾಗದು. ಕೈಯ ಕಲ್ಪನೆಯಂತೂ ಜಪಾನಿಯಲ್ಲಿ ಇಂದಿಗೂ ಉಳಿದಿದೆ: ಸಾಮಾನ್ಯ ಮಾತಿನಲ್ಲಿ ಅಷ್ಟಪದಿಗೆ ಇರುವುದು 'ಅಶಿ', ಅಂದರೆ ಕಾಲು, ಪ್ರಾಣಿಶಾಸ್ತ್ರದ ಪರಿಭಾಷೆಯಲ್ಲಿ ಅವು ತೋಳುಗಳು, ನೀಳ ತೋಳಿನ ಒಂದು ಪ್ರಭೇದಕ್ಕೆ ಮೀನುಗಾರರಿಟ್ಟ ಹೆಸರು 'ತೆನಗದಕೊ', ಎಂದರೆ ಉದ್ದಗೈಯ ತಕೊ.

4. ತಲೆ, ಕಾಲು ಮತ್ತು ಸ್ವಭಕ್ಷಣೆ

ಮೂಲ ಅಸ್ಪಷ್ಟವಾದರೂ ಪದದಿಂದ ಹೊರಟ ರೂಪಕಗಳು ಸ್ಪಷ್ಟವಾಗಿವೆ. ಅವುಗಳನ್ನು ಪ್ರಾಣಿಯ ಅವಯವ ಮತ್ತು ವರ್ತನೆಗಳಿಗೆ ಅನುಗುಣವಾಗಿ ವಿಂಗಡಿಸಬಹುದು.

ತಲೆಗೆ ಸಂಬಂಧಿಸಿದವು 'ತಕೊನ್ಯೂದೋ' ಮತ್ತು 'ತಕೊಬೋಜು'. 'ನ್ಯೂದೋ' ಎಂದರೆ ಬೌದ್ಧಮಾರ್ಗವನ್ನು ಪ್ರವೇಶಿಸಿ ತಲೆ ಬೋಳಿಸಿಕೊಂಡವನು. 'ಬೋಜು' ಎಂದರೆ ಭಿಕ್ಷು. ಎರಡೂ ಅಷ್ಟಪದಿಗೂ ಬೋಳುತಲೆಯವನಿಗೂ ಸಲ್ಲುವ ಪರಿಹಾಸದ ಹೆಸರುಗಳು. ಜನರು ತಲೆಯೆಂದು ನೋಡುವ ಆ ದುಂಡನೆಯ ಭಾಗ ವಾಸ್ತವವಾಗಿ ಒಳ ಅಂಗಗಳಿರುವ ಮುಂಡ. ನಿಜವಾದ ತಲೆ ಅದಕ್ಕೂ ತೋಳುಗಳಿಗೂ ನಡುವೆ ಇದೆ. ಬೇಯಿಸಿದಾಗ ಕೆಂಪಗಾಗುವ ಗುಣದಿಂದ 'ಯುದೆದಕೊ', ಅಂದರೆ ಬೆಂದ ತಕೊ ಎಂಬುದು ಸಿಟ್ಟಿನಿಂದಲೋ ಬಿಸಿನೀರಿನ ಸ್ನಾನದಿಂದಲೋ ಕೆಂಪಾದ ಮುಖದವನಿಗೆ ಉಪಮೆಯಾಗಿದೆ.

ಕಾಲಿನ ರೂಪಕಗಳಲ್ಲಿ ಒಂದೇ ಮೂಲದಿಂದ ಹಲವು ದಿಕ್ಕಿಗೆ ಚಾಚುವ ಭಾವವಿದೆ. ಒಂದೇ ವಿದ್ಯುತ್ ಸಾಕೆಟ್ಟಿಗೆ ಹಲವು ತಂತಿಗಳನ್ನು ಜೋಡಿಸುವುದು 'ತಕೊಅಶಿ ಹೈಸೆನ್'. 1949ರ ಹೊಸ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಹಳೆಯ ವಿದ್ಯಾಸಂಸ್ಥೆಗಳನ್ನು ಕೂಡಿಸಿದಾಗ ಆವರಣಗಳು ಬೇರೆ ಬೇರೆ ಊರುಗಳಲ್ಲಿ ಚದುರಿಹೋದ ವಿಶ್ವವಿದ್ಯಾಲಯಗಳಿಗೆ 'ತಕೊಅಶಿ ದೈಗಕು' ಎಂಬ ಹೆಸರು ಬಂತು. ಕನ್ಸೈ ಪ್ರದೇಶದಲ್ಲಿ ಜುಲೈ ಆರಂಭದ 'ಹಂಗೆಶೋ' ದಿನದಂದು ಅಷ್ಟಪದಿಯನ್ನು ತಿನ್ನುವ ರೂಢಿಗೂ ಇದೇ ಬಗೆಯ ವಿವರಣೆಯುಂಟು: ನಾಟಿ ಮಾಡಿದ ಭತ್ತದ ಬೇರು ತಕೊವಿನ ಕಾಲುಗಳಂತೆ ನೆಲವನ್ನು ಹಿಡಿಯಲಿ ಎಂಬುದು ಅದರ ಆಶಯ.

ಮೂರನೆಯ ಗುಂಪು ವರ್ತನೆಗೆ ಸೇರಿದ್ದು. ಅಷ್ಟಪದಿ ಹಸಿದಾಗ ತನ್ನ ಕಾಲನ್ನೇ ತಿನ್ನುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ 'ತಕೊ ಹೈತೋ' ಇಂದು ವಾಣಿಜ್ಯ ಪರಿಭಾಷೆಯಲ್ಲಿದೆ. ಹಂಚಲು ಲಾಭವಿಲ್ಲದಿದ್ದರೂ ಕಂಪನಿ ತನ್ನ ಮೂಲಬಂಡವಾಳವನ್ನೇ ಕರಗಿಸಿ ಲಾಭಾಂಶವೆಂದು ಕೊಡುವ ಅಕ್ರಮಕ್ಕೆ ಈ ಹೆಸರು. ಸ್ವಭಕ್ಷಣೆಯ ಈ ಕಲ್ಪನೆ ಏಳನೆಯ ಭಾಗದಲ್ಲಿ ಮತ್ತೆ ಬರಲಿದೆ.

5. ಗಾಳಿಪಟ, ಜಡ್ಡು ಮತ್ತು ಬೈಗುಳ

ಇಂದಿನ ಜಪಾನಿಯಲ್ಲಿ 'ತಕೊ' ಎಂಬ ಉಚ್ಚಾರಣೆಗೆ ಅಷ್ಟಪದಿ, ಗಾಳಿಪಟ, ಚರ್ಮದ ಜಡ್ಡು ಎಂಬ ಮೂರು ಅರ್ಥಗಳಿವೆ. ತೋಕ್ಯೋ ಮಾತಿನಲ್ಲಿ ಮೂರರ ಸ್ವರಾಘಾತವೂ ಒಂದೇ. ಮೊದಲ ಮಾತ್ರೆ ಏರಿ ಎರಡನೆಯದು ಇಳಿಯುತ್ತದೆ. ಬೇರ್ಪಡಿಸುವುದು ಬರವಣಿಗೆ ಮಾತ್ರ.

ಗಾಳಿಪಟದ ಹೆಸರು ಅಷ್ಟಪದಿಯಿಂದಲೇ ಬಂದಿದೆ ಎಂಬುದಕ್ಕೆ ಬಲವಾದ ಸಮಾಂತರ ಸಾಕ್ಷ್ಯವಿದೆ. ಹೈಕಾಯ್ ಕವಿ ಕೊಶಿಗಯ ಗೊಜನ್ 1775ರಲ್ಲಿ ಪ್ರಕಟಿಸಿದ 'ಬುತ್ಸುರುಯ್ ಶೋಕೊ' ಎಂಬ ಉಪಭಾಷಾ ಪದಸಂಗ್ರಹದ ಪ್ರಕಾರ ಕ್ಯೋತೊ ಸುತ್ತಲಿನ ಕಿನಾಯ್ ಪ್ರದೇಶದಲ್ಲಿ ಗಾಳಿಪಟ 'ಇಕ', ಕಾಂತೋ ಪ್ರದೇಶದಲ್ಲಿ 'ತಕೊ', ನಾಗಸಾಕಿಯಲ್ಲಿ 'ಹತ'. 'ಇಕ' ಎಂದರೆ ಸ್ಕ್ವಿಡ್, ನಮ್ಮ ಕರಾವಳಿಯವರ ಬೊಂಡಾಸ್. ಕೆಳಗೆ ಬಾಲಗಳು ಇಳಿಬಿದ್ದ ಪಟದ ಆಕಾರವನ್ನು ಪಶ್ಚಿಮದವರು ಒಂದು ಕಡಲಜೀವಿಗೆ ಹೋಲಿಸಿದರೆ ಪೂರ್ವದವರು ಅದರ ಸೋದರಜೀವಿಗೆ ಹೋಲಿಸಿದರು. ಗಾಳಿಪಟಕ್ಕೆ ಇಂದು ಬಳಸುವ ಅಕ್ಷರ ಚೀನಾದಿಂದ ಬಂದುದಲ್ಲ. ಗಾಳಿ ಮತ್ತು ಬಟ್ಟೆ ಎಂಬ ಅಕ್ಷರಭಾಗಗಳನ್ನು ಸೇರಿಸಿ ಜಪಾನಿನಲ್ಲಿಯೇ ರಚಿಸಿದ್ದು.

ಪೂರ್ವದಲ್ಲಿ ಹೆಸರು ಬದಲಾದುದಕ್ಕೆ ಜನಪ್ರಿಯ ಕಥೆಯೊಂದಿದೆ: ಎದೊ ನಗರದ ಆಡಳಿತ 'ಇಕ' ಹಾರಿಸುವುದನ್ನು ನಿಷೇಧಿಸಿದಾಗ ಜನರು 'ಇದು ಇಕ ಅಲ್ಲ, ತಕೊ' ಎಂದು ವಾದಿಸಿದರಂತೆ. 'ತಕೊ' ಎಂಬ ಬೈಗುಳಕ್ಕೂ ಇದೇ ಅಚ್ಚಿನ ಕಥೆಯಿದೆ. ಶೋಗುನನ ದರ್ಶನಾರ್ಹತೆಯುಳ್ಳ ಮನೆತನದ ಮಕ್ಕಳು ಆ ಅರ್ಹತೆಗಿಂತ ಕೆಳಗಿನವರನ್ನು 'ಇಕ' ಎಂದು ಹಂಗಿಸಿದರಂತೆ. 'ಇಕ' ಎಂಬ ಉಚ್ಚಾರಣೆಗೆ 'ಕೆಳಗಿನ' ಎಂಬ ಅರ್ಥವೂ ಇದೆ. ಅವರು ಮರುತ್ತರವಾಗಿ 'ತಕೊ' ಎಂದರಂತೆ. ಎರಡು ಬೇರೆ ಪದಬಳಕೆಗಳಿಗೆ ಒಂದೇ ರಚನೆಯ ಕಥೆ ಇರುವುದೇ ಅವುಗಳನ್ನು ಘಟನೆಗಳೆಂದು ನಂಬದಿರಲು ಕಾರಣ. ಆದರೆ ಎರಡೂ ಕಥೆಗಳು ಒಂದು ಸತ್ಯವನ್ನು ಹಿಡಿದಿವೆ: ಭಾಷಿಕರ ಮನಸ್ಸಿನಲ್ಲಿ 'ಇಕ' ಮತ್ತು 'ತಕೊ' ಒಂದನ್ನೊಂದು ಕರೆಯುವ ಜೋಡಿಪದಗಳು. ಗಾಳಿಪಟದ ಹೆಸರುಗಳ ಪ್ರಾದೇಶಿಕ ಹಂಚಿಕೆಗೆ ಆಧಾರವಾದುದೂ ಆ ಜೋಡಿಯೇ.

ಜಡ್ಡಿನ ಅರ್ಥಕ್ಕೆ ಇಂತಹ ಸಮಾಂತರವಿಲ್ಲ. ಹೀರುಬಟ್ಟಲಿನ ಹೋಲಿಕೆಯನ್ನು ಕೆಲವರು ಮುಂದಿಟ್ಟಿದ್ದರೂ 'ಇಕ' ಎಂಬುದು ಎಲ್ಲಿಯೂ ಜಡ್ಡಿಗೆ ಹೆಸರಾಗಿಲ್ಲ. ಆದುದರಿಂದ ಗಾಳಿಪಟವನ್ನು ಅಷ್ಟಪದಿಯ ಅರ್ಥವಿಸ್ತರಣೆಯೆಂದೂ ಜಡ್ಡನ್ನು ಸಮಧ್ವನಿ ಪದವೆಂದೂ ಪರಿಗಣಿಸುವುದು ಯುಕ್ತ. ಒಂದೇ ಮಾತನ್ನು ಕೇಳಿ ಕೇಳಿ ಬೇಸತ್ತಾಗ ಹೇಳುವ 'ಕಿವಿಯಲ್ಲಿ ತಕೊ ಆಗುತ್ತದೆ' ಎಂಬ ನುಡಿಗಟ್ಟಿನಲ್ಲಿರುವುದು ಜಡ್ಡು. ಮಕ್ಕಳೂ ಭಾಷೆಯನ್ನು ಹೊಸದಾಗಿ ಕಲಿಯುವವರೂ ಅಲ್ಲಿ ಅಷ್ಟಪದಿಯನ್ನು ಕಾಣುವುದುಂಟು. ಕ್ಯೋತೊ ನಗರದ ತಕೊಯಕುಶಿ ಬೀದಿಯ ಹೆಸರಿನಲ್ಲಿಯೂ ಇದೇ ಬಗೆಯ ಮರುವ್ಯಾಖ್ಯಾನವಿರಬಹುದು. ರೋಗಿಯಾದ ತಾಯಿಗೆಂದು ಭಿಕ್ಷುವೊಬ್ಬ ಕೊಂಡ ಅಷ್ಟಪದಿ ಬುದ್ಧಸೂತ್ರದ ಗ್ರಂಥವಾಗಿ ಮಾರ್ಪಟ್ಟಿತೆಂಬ ಐತಿಹ್ಯ ಅಲ್ಲಿನ ದೇವಾಲಯಕ್ಕಿದೆ. ಜೌಗುನೆಲ ಎಂಬರ್ಥದ 'ತಕು' ಶಬ್ದವೇ 'ತಕೊ' ಆಯಿತೆಂಬ ಇನ್ನೊಂದು ವಿವರಣೆಯೂ ಇದೆ. 733ರ ದ್ವೀಪದ ಕಥೆಯಲ್ಲಿದ್ದ 'ತಕು' ಮತ್ತು 'ತಕೊ'ಗಳ ಎಳೆದಾಟವೇ ಇಲ್ಲಿ ಮರುಕಳಿಸಿದೆ.

6. ಮಡಕೆಯ ಮೂರು ಅರ್ಥಗಳು

ಅಷ್ಟಪದಿ ಹಿಡಿಯುವ ಮಡಕೆ 'ತಕೊತ್ಸುಬೊ'. ಸಣ್ಣ ಜಾತಿಯ ಈದಕೊವನ್ನು ಹಿಡಿಯಲು ಬಳಸಿದ ಮಣ್ಣಿನ ಮಡಕೆಗಳು ಓಸಾಕ ಕೊಲ್ಲಿಯ ದಡದ ಯಯೊಇ ಯುಗದ ನೆಲೆಗಳಲ್ಲಿ ದೊರೆತಿವೆ. ಬಾಷೋ 1688ರಲ್ಲಿ ಅಕಾಶಿಯಲ್ಲಿ ರಚಿಸಿದ ಒಂದು ಹೊಕ್ಕುವಿನಲ್ಲಿಯೂ ಈ ಮಡಕೆ ಬರುತ್ತದೆ. ಇದರಲ್ಲಿ ಎರೆಯಾಗಲಿ ಮುಚ್ಚಳವಾಗಲಿ ಬೇಕಿಲ್ಲ. ಹಗ್ಗಕ್ಕೆ ಕಟ್ಟಿದ ಮಡಕೆಗಳನ್ನು ಕಡಲತಳಕ್ಕೆ ಇಳಿಬಿಟ್ಟರೆ ಬಿಲ ಹುಡುಕುವ ಅಷ್ಟಪದಿ ತಾನಾಗಿಯೇ ಒಳಸೇರುತ್ತದೆ, ಒಂದು ಮಡಕೆಗೆ ಒಂದೇ, ಮೇಲೆಳೆಯುವಾಗಲೂ ಬಿಟ್ಟುಹೋಗದು.

ಇಪ್ಪತ್ತನೆಯ ಶತಮಾನದಲ್ಲಿ ಈ ಪದ ಮೂರು ಕ್ಷೇತ್ರಗಳಿಗೆ ಹರಡಿತು. ಯುದ್ಧಕಾಲದಲ್ಲಿ ಒಬ್ಬ ಸೈನಿಕ ಅಡಗುವಷ್ಟು ಅಗೆದ ಕುಳಿ 'ತಕೊತ್ಸುಬೊ' ಆಯಿತು. ಮರುಯಮ ಮಸಾಒ 1961ರಲ್ಲಿ ಪ್ರಕಟಿಸಿದ 'ನಿಹೊನ್ ನೊ ಶಿಸೋ' ಕೃತಿಯಲ್ಲಿ ಸಮಾಜಗಳನ್ನು 'ಸಸರ' ಮಾದರಿ ಮತ್ತು 'ತಕೊತ್ಸುಬೊ' ಮಾದರಿಯೆಂದು ವಿಭಜಿಸಿದರು. ಸಸರ ಎಂಬುದು ಬುಡದಲ್ಲಿ ಒಂದಾಗಿದ್ದು ತುದಿಯಲ್ಲಿ ಸೀಳಿದ ಬಿದಿರಿನ ಸಾಧನ. ಸಮಾನ ಬುಡವಿಲ್ಲದೆ ಒಂದರ ಪಕ್ಕ ಒಂದಿರುವ ಮಡಕೆಗಳಂತೆ ಜಪಾನಿನ ವಿದ್ಯಾಶಾಖೆಗಳೂ ಸಂಸ್ಥೆಗಳೂ ಬೇರ್ಪಟ್ಟಿವೆ ಎಂಬುದು ಅವರ ವಿಮರ್ಶೆ. 1990ರಲ್ಲಿ ಸಾತೋ ಹಿಕಾರು ಮತ್ತು ಸಂಗಡಿಗರು ವಿವರಿಸಿದ ಹೃದಯವ್ಯಾಧಿಯೊಂದಕ್ಕೆ ಇದೇ ಹೆಸರು ಬಂತು. ಎಡ ಹೃತ್ಕುಕ್ಷಿಯ ಚಿತ್ರಣದಲ್ಲಿ ತಳ ಉಬ್ಬಿ ಕುತ್ತಿಗೆ ಕಿರಿದಾಗಿ ಅದು ಮಡಕೆಯಂತೆ ಕಂಡಿತು. ಇಂದು ಅದು ಜಗತ್ತಿನ ಹೃದ್ರೋಗ ಪರಿಭಾಷೆಯಲ್ಲಿ ಸೇರಿಹೋಗಿದೆ. ಮೂಲವಸ್ತು ಒಂದೇ ಆದರೂ ವೈದ್ಯಕೀಯ ಪದ ಆಕಾರವನ್ನೂ, ಸೈನಿಕ ಪದ ಒಬ್ಬರಿಗಷ್ಟೇ ಇರುವ ಎಡೆಯನ್ನೂ, ಮರುಯಮರ ಪದ ಪರಸ್ಪರ ಪ್ರತ್ಯೇಕತೆಯನ್ನೂ ಆರಿಸಿಕೊಂಡಿವೆ.

7. 'ತಕೊಬೆಯ'

ಈ ಪದಕುಟುಂಬದಲ್ಲಿ ಅತ್ಯಂತ ಭಾರವಾದ ಪದ 'ತಕೊಬೆಯ'. 'ಹೆಯ' ಎಂದರೆ ಕೋಣೆ. ಸಮಾಸದಲ್ಲಿ ಅದು 'ಬೆಯ' ಆಗುತ್ತದೆ. ಹೊಕ್ಕೈದೋ ದ್ವೀಪದ ರಸ್ತೆ ಮತ್ತು ರೈಲುಮಾರ್ಗಗಳ ನಿರ್ಮಾಣದಲ್ಲಿ ಕೈದಿಗಳನ್ನು ಹೊರಗೆ ದುಡಿಸುವ ಪದ್ಧತಿ 1894ರಲ್ಲಿ ನಿಂತ ಮೇಲೆ, ಮುಂಗಡ ಹಣದ ಸಾಲದಲ್ಲಿ ಸಿಕ್ಕಿಸಿ ದೂರದೂರುಗಳಿಂದ ತಂದ ಕೂಲಿಗಳು ಆ ಜಾಗ ತುಂಬಿದರು. ಅವರನ್ನು ಕೂಡಿಹಾಕುತ್ತಿದ್ದ ಬಿಡಾರ ತಕೊಬೆಯ, ಕೂಲಿಗಳು 'ತಕೊ'ಗಳು, ದೊಣ್ಣೆ ಹಿಡಿದು ದುಡಿಸುವವನು 'ಬೋಗಶಿರ'. 1914ರಲ್ಲಿ ಪೂರ್ಣಗೊಂಡ ಜೋಮೊನ್ ಸುರಂಗ ಇಂತಹ ಕೂಲಿಗಳ ದುಡಿಮೆಯಿಂದಾದುದು. ಸತ್ತವರನ್ನು ಗೋಡೆಯೊಳಗೆ ಹೂತಿದ್ದಾರೆ ಎಂಬ ಮಾತು ಆ ಭಾಗದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. 1968ರ ಭೂಕಂಪದಲ್ಲಿ ಹಾನಿಯಾದ ಗೋಡೆಯನ್ನು 1970ರಲ್ಲಿ ದುರಸ್ತಿ ಮಾಡುವಾಗ ಅದರ ಹಿಂದೆ ಮನುಷ್ಯರ ಅಸ್ಥಿಗಳು ದೊರೆತವು.

ಪದದ ಮೂಲಕ್ಕೆ ಮೂರು ವಿವರಣೆಗಳಿವೆ. ಮಡಕೆಗೆ ಬಿದ್ದ ಅಷ್ಟಪದಿಯಂತೆ ಒಳಹೊಕ್ಕವನು ಹೊರಬರಲಾರ ಎಂಬುದು ಒಂದು. ತನ್ನ ಕಾಲನ್ನು ತಾನೇ ತಿನ್ನುವ ಅಷ್ಟಪದಿಯಂತೆ ತನ್ನ ಮೈಯನ್ನೇ ಮಾರಿ ಬದುಕುವವನು ಎಂಬುದು ಇನ್ನೊಂದು. ಮೂರನೆಯದರಲ್ಲಿ ಅಷ್ಟಪದಿಯೇ ಇಲ್ಲ: 'ತ' (ಹೊರಗಿನ) ಮತ್ತು 'ಕೊ' (ಕೂಲಿ ನೇಮಕ) ಎಂಬ ಚೀನೀ ಮೂಲದ ಘಟಕಗಳ ಸಮಾಸ ಅದು, ಸ್ಥಳೀಯವಾಗಿ ನೇಮಿಸಿದ 'ಜಿಕೊ' ಕೂಲಿಗಳಿಗೆ ಪ್ರತಿಯಾಗಿ ಹೊರಗಿನಿಂದ ತಂದವರು 'ತಕೊ'.

ನಮ್ಮ ಮಾನದಂಡಗಳ ಪ್ರಕಾರ ಮೂರನೆಯ ವಿವರಣೆಗೆ ರಚನೆಯ ಬೆಂಬಲವಿದೆ: ಧ್ವನಿಯಲ್ಲಿ ತೊಡಕಿಲ್ಲ, ಎದುರುಪದವಾಗಿ 'ಜಿಕೊ' ಇದೆ. ಮೊದಲನೆಯದಕ್ಕೆ ಪ್ರಾಣಿಯ ವರ್ತನೆಯ ಬೆಂಬಲವಿಲ್ಲ. ಮಡಕೆಯ ಬಾಯಿ ತೆರೆದೇ ಇರುತ್ತದೆ. ಆದರೆ ವಿಶ್ಲೇಷಣೆ ಇಲ್ಲಿಗೆ ನಿಂತರೆ ಪದದ ಚರಿತ್ರೆಯ ಅರ್ಧಭಾಗ ಕೈತಪ್ಪುತ್ತದೆ. ಮೂರನೆಯ ವಿವರಣೆಯಲ್ಲಿರುವುದು ನೇಮಕ ಮಾಡಿದವರ ವರ್ಗೀಕರಣ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಲೆಕ್ಕ. ಮೊದಲೆರಡರಲ್ಲಿರುವುದು ಬಿಡಾರದೊಳಗಿನ ಅನುಭವ. ಮುಂಗಡವನ್ನು ತಾನೇ ಒಪ್ಪಿ ಪಡೆದು ಒಳಹೊಕ್ಕವನಿಗೆ ಮಡಕೆಯ ಹೋಲಿಕೆ ಎಷ್ಟು ಒಪ್ಪುತ್ತದೆಂದರೆ, ಅಷ್ಟಪದಿಯೂ ಒತ್ತಾಯವಿಲ್ಲದೆ ಒಳಸೇರಿದ ಜೀವಿಯೇ. ಲೆಕ್ಕದ ಪದವೊಂದು ಹುಟ್ಟಿದ್ದರೂ ಅದನ್ನು ಉಳಿಸಿ ಹರಡಿದ್ದು ಈ ಮರುವ್ಯಾಖ್ಯಾನ. ಉಗಮದ ಪ್ರಶ್ನೆಗೆ ದೊರೆಯುವ ಉತ್ತರ ಪ್ರಸರಣದ ಪ್ರಶ್ನೆಗೆ ಉತ್ತರವಾಗದು.

ಇಂದು ಇದೇ ಪದವನ್ನು ಇಕ್ಕಟ್ಟಾದ ವಸತಿಗೂ, ತೋಕ್ಯೋದ ಸಚಿವಾಲಯಗಳಲ್ಲಿ ಮಸೂದೆ ಸಿದ್ಧಪಡಿಸಲು ಅಧಿಕಾರಿಗಳನ್ನು ಒಟ್ಟುಗೂಡಿಸುವ ಕೋಣೆಗೂ ವಿನೋದವಾಗಿ ಬಳಸುತ್ತಾರೆ. ಅರ್ಥಶೈಥಿಲ್ಯವೆಂಬುದು ಭಾಷೆಯ ಸಹಜ ಪ್ರಕ್ರಿಯೆ. ಅದನ್ನು ಆಕ್ಷೇಪಿಸುವುದು ಭಾಷಾವಿಜ್ಞಾನದ ಕೆಲಸವಲ್ಲ. ಆದರೆ ಅರ್ಥಗಳನ್ನು ಕಾಲಸೂಚಿಯಿಲ್ಲದೆ ಒಂದರ ಕೆಳಗೊಂದು ಪಟ್ಟಿಮಾಡುವ ಕೋಶಪದ್ಧತಿ ಆ ಶೈಥಿಲ್ಯವನ್ನು ಮರೆವಾಗಿ ಪರಿವರ್ತಿಸುತ್ತದೆ. ಬಹುಪಾಲು ಹೆಸರಿಲ್ಲದೆ ಸತ್ತ ಆ ಕೂಲಿಗಳ ಬದುಕಿಗೆ ಭಾಷೆಯಲ್ಲಿ ಉಳಿದಿರುವ ಕುರುಹುಗಳಲ್ಲಿ ಈ ಪದವೂ ಅದರ 'ತಪ್ಪು' ನಿರುಕ್ತಿಗಳೂ ಸೇರಿವೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ನಿರ್ಣಯಗಳು ಹೊರಡುತ್ತವೆ. ಒಂದು, 'ತಕೊ' ಪದದ ಲಿಪಿಚರಿತ್ರೆ ಮತ್ತು ಶಬ್ದಚರಿತ್ರೆಗಳು ಪ್ರತ್ಯೇಕವಾದವು. ಜೇಡದ ಸಾದೃಶ್ಯ ಮೊದಲನೆಯದಕ್ಕೆ ಮಾತ್ರ ಸೇರಿದ್ದು. ಎರಡು, ಒಂದೇ ಉಚ್ಚಾರಣೆಯ ಅರ್ಥಗಳಲ್ಲಿ ಅನೇಕಾರ್ಥವನ್ನೂ ಸಮಧ್ವನಿಯನ್ನೂ ಬೇರ್ಪಡಿಸಲು ಸಮಾಂತರ ರಚನೆಯೇ ವಿಶ್ವಾಸಾರ್ಹ ಒರೆಗಲ್ಲು. ಗಾಳಿಪಟ ಮತ್ತು ಜಡ್ಡಿನ ನಡುವಣ ವ್ಯತ್ಯಾಸ ಅದರಿಂದಲೇ ಸ್ಥಾಪಿತವಾಗುತ್ತದೆ. ಮೂರು, ಜನನಿರುಕ್ತಿ ಪದದ ಉಗಮದ ಬಗ್ಗೆ ಮೌನವಾಗಿದ್ದರೂ ಅದನ್ನು ಹೇಳಿದವರ ಕಾಲ ಮತ್ತು ಸ್ಥಿತಿಯ ಬಗ್ಗೆ ಸಾಕ್ಷಿ ನುಡಿಯುತ್ತದೆ.

ಕನ್ನಡದ ಪದಚರಿತ್ರೆಯಲ್ಲಿ, ಮುಖ್ಯವಾಗಿ ಸ್ಥಳನಾಮಗಳ ಅಧ್ಯಯನದಲ್ಲಿ, ಐತಿಹ್ಯಮೂಲದ ನಿರುಕ್ತಿಗಳನ್ನು ಎದುರಿಸದ ಸಂಶೋಧಕರಿಲ್ಲ. ಅವುಗಳನ್ನು ನಿರಾಕರಿಸುವ ವಿಧಾನವನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ನಿರಾಕರಿಸಿದ ಮೇಲೆ ಅವನ್ನು ಯಾರು, ಎಂದು, ಯಾವ ಅಗತ್ಯದಿಂದ ಹೇಳಿದರೆಂದು ದಾಖಲಿಸುವುದೂ ಅದೇ ಶಿಸ್ತಿನ ಮುಂದಿನ ಹೆಜ್ಜೆಯಾಗಬೇಕು.